ಕಾಟಾ ಪ್ರೋಗ್ರಾಂ ಬೀಳುತ್ತಿತ್ತು: ರ‍್ಯಾಮ್ ದೋಷವೋ, ಕೋಡ್ ದೋಷವೋ?

ರಾಯಚೂರಿನ ಹೊರವಲಯದ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಕಾಟಾ ಕೋಣೆಯಲ್ಲಿ, ಅಂದರೆ ಗಾಡಿ ತೂಗುವ ಕಡೆ ಇರುವ ಕಂಪ್ಯೂಟರ್ ಇದು. ಪೆಂಟಿಯಮ್ ಜಿ3220 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಮೇಲೆ ಡೆಬಿಯನ್ ಲಿನಕ್ಸ್. ತೂಕ ತೋರಿಸುವ ವೇಬ್ರಿಡ್ಜ್ ಇಂಡಿಕೇಟರಿನಿಂದ ಸೀರಿಯಲ್ ಕೇಬಲ್ ಬಂದಿದೆ. ಸಿ++ನಲ್ಲಿ ಬರೆದ ಪ್ರೋಗ್ರಾಂ ತೂಕ ಓದುತ್ತದೆ, ಚೀಟಿ ಮುದ್ರಿಸುತ್ತದೆ, ಎಸ್‌ಕ್ಯೂಲೈಟ್ ದತ್ತಾಂಶ ಕಡತದಲ್ಲಿ ಲೆಕ್ಕ ಬರೆದಿಡುತ್ತದೆ. ಅದನ್ನು ಬರೆದ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಮೂಲ ಕೋಡ್ ಮಾತ್ರ ಮಿಲ್ಲಿನ ಕಪಾಟಿನಲ್ಲಿ ಪೆನ್‌ಡ್ರೈವ್ ಒಂದರಲ್ಲಿ ಭದ್ರವಾಗಿತ್ತು. ಇಷ್ಟು ಮಾಡಿಟ್ಟು ಹೋಗುವವರು ಎಷ್ಟು ಜನ?

ದೂರು ಇಷ್ಟೇ: ಹತ್ತಿ ಸೀಜನ್ನಿನ ನಡುವೆ ಪ್ರೋಗ್ರಾಂ ಬೀಳುತ್ತದೆ, ಅಂದರೆ ಇದ್ದಕ್ಕಿದ್ದಂತೆ ನಿಂತು ಮಾಯವಾಗುತ್ತದೆ. ಕೆಲವು ದಿನ ಒಂದು ಸಲವೂ ಇಲ್ಲ, ಕೆಲವು ದಿನ ಮೇಲಿಂದ ಮೇಲೆ. ಕಂಪ್ಯೂಟರ್ ಅಂಗಡಿಯವರು ಸಾಫ್ಟ್‌ವೇರ್ ಸರಿಯಿಲ್ಲ ಎಂದು ಕೈತೊಳೆದುಕೊಂಡಿದ್ದರು. ಪ್ರೋಗ್ರಾಂ ಬರೆದವನು ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಫೋನಿನಲ್ಲೇ ಮುಗಿಸಿದ್ದ. ಮಿಲ್ಲಿನ ಸಾಹುಕಾರರು, ತಪಾಸಣೆಗೆ ಹೋದ ನನ್ನನ್ನು ಕೂರಿಸಿಕೊಂಡು, "ಕಂಪ್ಯೂಟರ್ ಕೆಟ್ಟಿದೆಯೋ, ಪ್ರೋಗ್ರಾಂ ಕೆಟ್ಟಿದೆಯೋ, ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದರು. ಒಂದೇ ಮಾತಿನ ಉತ್ತರ ಈ ಪ್ರಶ್ನೆಗೆ ಬಹುತೇಕ ಇರುವುದಿಲ್ಲ. ಯಂತ್ರವನ್ನು ಕುರಿತು ಕೇಳಿದರೆ ಇದು ಜಗಳದ ಪ್ರಶ್ನೆಯಾಗುತ್ತದೆ. ಪ್ರೋಗ್ರಾಂ ಬಿದ್ದ ಒಂದೊಂದು ಸಲವನ್ನೂ ಬೇರೆ ಬೇರೆಯಾಗಿ ಹಿಡಿದು ಕೇಳಿದರೆ ಮಾತ್ರ ಉತ್ತರ ಹೊರಡುತ್ತದೆ.

ರ‍್ಯಾಮ್ ಮೇಲೆ ಅನುಮಾನವಿರುವ ಯಂತ್ರದಲ್ಲಿ ತಪಾಸಣೆಗಿಂತ ಮೊದಲು ನಕಲು. ಕೆಟ್ಟ ರ‍್ಯಾಮ್ ಮೂಲಕ ಹಾದ ದತ್ತಾಂಶ ಕೆಟ್ಟೇ ಡಿಸ್ಕ್ ಸೇರುತ್ತದೆ. ಅಂಥ ಯಂತ್ರದಲ್ಲಿ ಫೈಲ್ ಸಿಸ್ಟಮ್ ದುರಸ್ತಿ ಓಡಿಸುವುದೆಂದರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುವುದು. ಹಾಗಾಗಿ ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಯಂತ್ರಕ್ಕೆ ಜೋಡಿಸಿ, ಪೂರ್ತಿ ನಕಲು ತೆಗೆದುಕೊಂಡೆ. ಅದೇ ಹೊತ್ತಿಗೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳನ್ನೂ ನೋಡಿದೆ. ಬದಲಿ ಸೆಕ್ಟರುಗಳ ಲೆಕ್ಕ ಹೇಳುವ 5ನೆಯದು, ಓದಲಾಗದೆ ಬಾಕಿ ಉಳಿದವನ್ನು ಹೇಳುವ 197ನೆಯದು, ಕೇಬಲ್ ತೊಂದರೆ ತೋರಿಸುವ 199ನೆಯದು, ಮೂರೂ ಸೊನ್ನೆ. ಡಿಸ್ಕ್ ಆರೋಪಮುಕ್ತ. ಯಂತ್ರಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನ 12 ವೋಲ್ಟ್ ತಂತಿಯನ್ನು ಮಲ್ಟಿಮೀಟರಿನಿಂದ ಅಳೆದಾಗ, ಯಂತ್ರ ಪೂರ್ಣ ಕೆಲಸದಲ್ಲಿದ್ದಾಗಲೂ 11.9ಕ್ಕಿಂತ ಕೆಳಗೆ ಇಳಿಯಲಿಲ್ಲ. ಎಟಿಎಕ್ಸ್ ಮಾನಕದ ಪ್ರಕಾರ 11.4ರಿಂದ 12.6ರವರೆಗೆ ಸರಿ.

ಲಾಗ್ ಸಾಲುಗಳ ಎರಡು ಗುಂಪು

ಲಿನಕ್ಸಿನಲ್ಲಿ ಪ್ರೋಗ್ರಾಂ ತನಗೆ ಸೇರದ ಮೆಮೊರಿ ವಿಳಾಸವನ್ನು ಮುಟ್ಟಿದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದಕ್ಕೆ 11ನೇ ಸಿಗ್ನಲ್ ಕಳಿಸಿ ನಿಲ್ಲಿಸುತ್ತದೆ, ಮತ್ತು ಲಾಗಿನಲ್ಲಿ (ಯಂತ್ರದ ದಿನಚರಿ ಕಡತದಲ್ಲಿ) ಒಂದು ಸಾಲು ಬರೆದಿಡುತ್ತದೆ. ಯಾವ ಪ್ರೋಗ್ರಾಂ, ಯಾವ ವಿಳಾಸ ಮುಟ್ಟಲು ಹೋಯಿತು, ಆಗ ಯಾವ ಆಜ್ಞೆ ನಡೆಯುತ್ತಿತ್ತು, ಓದುವಾಗಲೋ ಬರೆಯುವಾಗಲೋ, ಎಲ್ಲ ಅದರಲ್ಲಿರುತ್ತದೆ. ಕೊನೆಯಲ್ಲಿ ಬರುವ 'ಎರರ್ 4' ಎಂದರೆ ಇಲ್ಲದ ಮೆಮೊರಿ ಪುಟವನ್ನು ಓದಲು ಹೋಯಿತು ಎಂದು. 'ಎರರ್ 6' ಎಂದರೆ ಬರೆಯಲು ಹೋಯಿತು ಎಂದು. ಈ ಸಾಲನ್ನು ಯಾರೂ ಓದುವುದಿಲ್ಲ ಎಂಬುದೇ ನನಗೆ ಸೋಜಿಗ.

ಹಳೆಯ ಕರ್ನಲ್ ಲಾಗುಗಳಿಂದ ಇಂಥ ಸಾಲುಗಳನ್ನೆಲ್ಲ ಹೆಕ್ಕಿ ಒಂದು ಕಡತಕ್ಕೆ ಹಾಕಿದೆ. ಕಣ್ಣಾಡಿಸಿದ ಕೂಡಲೇ ಎರಡು ಜಾತಿ ಕಂಡವು.

ಒಂದು ಜಾತಿಯಲ್ಲಿ ಬೀಳುತ್ತಿದ್ದದ್ದು ಕಾಟಾ ಪ್ರೋಗ್ರಾಂ ಮಾತ್ರ. ಮುಟ್ಟಲು ಹೋದ ವಿಳಾಸ ಪ್ರತಿ ಸಲವೂ 18. ಎರರ್ 4. ಆಜ್ಞೆಯ ವಿಳಾಸ ಪ್ರತಿ ಸಲವೂ ಬೇರೆ ಕಾಣುತ್ತಿತ್ತು. ಆದರೆ ಅದಕ್ಕೆ ಮೋಸಹೋಗಬಾರದು: ಪ್ರೋಗ್ರಾಮನ್ನು ಮೆಮೊರಿಯಲ್ಲಿ ಎಲ್ಲಿ ಇಳಿಸಬೇಕೆಂಬುದನ್ನು ಕರ್ನಲ್ ಪ್ರತಿ ಸಲ ಬದಲಿಸುತ್ತದೆ. ಅದೇ ಸಾಲಿನ ಕೊನೆಯ ಆವರಣದಲ್ಲಿ ಇಳಿಸಿದ ಜಾಗದ ಆರಂಭವೂ ಇರುತ್ತದೆ. ಒಂದು ಸಾಲಿನಲ್ಲಿ ಆಜ್ಞೆಯ ವಿಳಾಸ 558217403416, ಆರಂಭ 558217402000; ಕಳೆದರೆ 1416. ಇನ್ನೊಂದು ಸಾಲನ್ನು ಕಳೆದೆ, ಮತ್ತೆ 1416. ಮಗದೊಂದು, ಅದೂ 1416. ಆ ತುಣುಕು ಕಡತದಲ್ಲಿ 1000ದಿಂದ ಶುರುವಾಗುತ್ತದೆ ಎಂದು ಕಡತದ ಒಳರಚನೆ ತೋರಿಸುವ ರೀಡ್‌ಎಲ್ಫ್ ಹೇಳಿತು, ಕೂಡಿಸಿದರೆ 2416. (ಇವೆಲ್ಲ ಹದಿನಾರರ ಎಣಿಕೆಯ ಸಂಖ್ಯೆಗಳು.) ಬೇರೆ ಬೇರೆ ವಾರಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಅದೇ ಒಂದು ಆಜ್ಞೆಯ ಮೇಲೆ ಬಿದ್ದಿದೆ. ಕೆಟ್ಟ ರ‍್ಯಾಮಿಗೆ ಇಷ್ಟು ನಿಷ್ಠೆ ಇರುವುದಿಲ್ಲ.

ಎರಡನೇ ಜಾತಿಗೆ ತಲೆಬುಡವಿರಲಿಲ್ಲ. ಒಮ್ಮೆ ಕಾಟಾ ಪ್ರೋಗ್ರಾಂ, ಒಮ್ಮೆ ಪ್ರಿಂಟರಿನ ಸೇವೆ, ಒಮ್ಮೆ ಬ್ರೌಸರ್, ಒಮ್ಮೆ ಪೈಥಾನ್. ವಿಳಾಸಗಳು ಉದ್ದುದ್ದ, ಒಂದಕ್ಕೊಂದು ಸಂಬಂಧವಿಲ್ಲದವು. ಒಂದಕ್ಕೊಂದು ಗೊತ್ತೇ ಇಲ್ಲದ ನಾಲ್ಕು ಪ್ರೋಗ್ರಾಮುಗಳಲ್ಲಿ ಒಂದೇ ಸೀಜನ್ನಿನಲ್ಲಿ ದೋಷ ಹುಟ್ಟಿಕೊಂಡಿತು ಎಂದು ನಂಬುವುದಕ್ಕಿಂತ, ನಾಲ್ಕೂ ನಿಂತಿರುವ ನೆಲ ಸಡಿಲವಾಗಿದೆ ಎಂದು ನಂಬುವುದು ಸುಲಭ. ಈ ಜಾತಿಯ ಸಾಲುಗಳು ಹೆಚ್ಚಾಗಿ ಮಧ್ಯಾಹ್ನದ ನಂತರದವು ಎಂಬುದೂ ಗಮನಕ್ಕೆ ಬಂತು.

ಅಂದರೆ ಅಂಗಡಿಯವರೂ ಸರಿ, ಹುಡುಗನೂ ಸರಿ. ಒಂದೇ ಯಂತ್ರದಲ್ಲಿ ಎರಡು ದೋಷಗಳು ಒಂದರ ಹೆಸರಿನಲ್ಲಿ ಇನ್ನೊಂದು ತಿರುಗಾಡುತ್ತಿದ್ದವು.

8192 ಕಿಲೋ ಹತ್ತಿ

ಮೊದಲು ಎರಡನೇ ಜಾತಿಯನ್ನು ಹಿಡಿದೆ. ಕಾರಣವಿದೆ: ನೆಲ ಸಡಿಲವಾಗಿರುವಾಗ ಕೋಡ್ ದೋಷ ಹುಡುಕಲು ಕುಳಿತರೆ ಯಾವ ಪ್ರಯೋಗದ ಫಲವನ್ನೂ ನಂಬಲಾಗುವುದಿಲ್ಲ.

ಗುಮಾಸ್ತರೊಂದಿಗೆ ಮಾತಾಡುತ್ತಿದ್ದಾಗ ಅವರು ಬೇರೆಯದೇ ಒಂದು ತಕರಾರು ತೆಗೆದರು. ಗಂಜ್‌ನ ದಲಾಲಿ ಅಂಗಡಿಯೊಂದರ ಲೆಕ್ಕ ತಾಳೆಯಾಗುತ್ತಿಲ್ಲ. ಕಂಪ್ಯೂಟರಿನಲ್ಲಿ ಒಂದು ಟ್ರ್ಯಾಕ್ಟರಿನ ಒಟ್ಟು ತೂಕ 14,532 ಕಿಲೋ ಎಂದಿದೆ, ಚೀಟಿಯಲ್ಲಿ 6,340 ಎಂದಿದೆ. ಯಾರೋ ತಪ್ಪು ಟೈಪ್ ಮಾಡಿರಬೇಕು ಎಂದು ಅವರು ಚೀಟಿಯಂತೆ ಹಣ ಕೊಟ್ಟು ಸುಮ್ಮನಾಗಿದ್ದರು. ಒಂದು ಟ್ರೇಲರ್ ಹತ್ತಿ ಹೊತ್ತ ಟ್ರ್ಯಾಕ್ಟರ್ 14 ಟನ್ ತೂಗಬೇಕಾದರೆ ಅದರಲ್ಲಿ ಇರುವುದು ಹತ್ತಿಯಲ್ಲ, ಶಹಾಬಾದ್ ಕಲ್ಲು. ಆದರೆ ಈ ಪ್ರೋಗ್ರಾಮಿನಲ್ಲಿ ತೂಕವನ್ನು ಯಾರೂ ಟೈಪ್ ಮಾಡುವುದಿಲ್ಲ, ಅದು ಇಂಡಿಕೇಟರಿನಿಂದ ನೇರ ಬರುತ್ತದೆ. 14,532ರಲ್ಲಿ 6,340 ಕಳೆದೆ. 8,192.

ಎರಡರ ಹದಿಮೂರನೇ ಘಾತ ಅದು. ಅಂದರೆ 6,340 ಎಂಬ ಸಂಖ್ಯೆಯ ಎರಡರ ಎಣಿಕೆಯ ರೂಪದಲ್ಲಿ ಒಂದೇ ಒಂದು ಅಂಕಿ, ಅಂದರೆ ಬಿಟ್, ಸೊನ್ನೆಯಿಂದ ಒಂದಾಗಿದೆ, ಉಳಿದವೆಲ್ಲ ಹಾಗೆಯೇ ಇವೆ. ಮನುಷ್ಯ ತಪ್ಪು ಮಾಡಿದರೆ 6,340 ಎಂಬುದು 6,430 ಆಗುತ್ತದೆ, 63,400 ಆಗುತ್ತದೆ. ವ್ಯತ್ಯಾಸ ಸರಿಯಾಗಿ ಎರಡರ ಘಾತವಾಗಿ ಬಂದರೆ ನಾನು ಮನುಷ್ಯನನ್ನು ಬಿಟ್ಟು ಯಂತ್ರದ ಕಡೆ ತಿರುಗುತ್ತೇನೆ.

ಚೀಟಿ ಸರಿ, ಕಡತ ತಪ್ಪು ಏಕೆ ಎಂಬುದಕ್ಕೂ ಕೋಡಿನಲ್ಲಿ ಉತ್ತರ ಸಿಕ್ಕಿತು. ತುಂಬಿದ ಗಾಡಿ ತೂಗಿದ ಕೂಡಲೇ ಚೀಟಿ ಮುದ್ರಣವಾಗುತ್ತದೆ. ಖಾಲಿಯಾಗಿ ಮರಳಿ ಕಾಟಾ ಮೇಲೆ ಬರುವವರೆಗೆ ಆ ಒಟ್ಟು ತೂಕ ಮೆಮೊರಿಯಲ್ಲೇ ಕಾಯುತ್ತದೆ; ಎರಡೂ ತೂಕ ಸೇರಿದ ಮೇಲೆ ಕಡತಕ್ಕೆ ಹೋಗುತ್ತದೆ. ಆ ಕಾಯುವಿಕೆಯಲ್ಲೇ ಬಿಟ್ ತಿರುಗಿದೆ. ಸರ್ವರುಗಳಲ್ಲಿ ಹಾಕುವ ಇಸಿಸಿ ರ‍್ಯಾಮ್ ಇದ್ದಿದ್ದರೆ ಇಂಥ ಒಂಟಿ ಬಿಟ್ ದೋಷವನ್ನು ತಾನೇ ತಿದ್ದಿ, ಲಾಗಿನಲ್ಲಿ ಬರೆಯುತ್ತಿತ್ತು. ಸಾಮಾನ್ಯ ಡೆಸ್ಕ್‌ಟಾಪಿಗೆ ಆ ಭಾಗ್ಯವಿಲ್ಲ. ಪ್ರೋಗ್ರಾಂ ಬಿದ್ದರೆ ಅದೃಷ್ಟ. ಬೀಳದೆ ಲೆಕ್ಕ ಬದಲಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಸ್ಲಾಟ್ ತಪಾಸಣೆ

ಮೆಮ್‌ಟೆಸ್ಟ್86 ಪ್ಲಸ್ ಎಂಬ ಮೆಮೊರಿ ತಪಾಸಣೆ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರ ಶುರುಮಾಡಿದೆ. ಬೆಳಿಗ್ಗೆ ಒಂದು ಪೂರ್ಣ ಸುತ್ತು ಮುಗಿದರೂ ಒಂದು ದೋಷವೂ ಇಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸಿ ರ‍್ಯಾಮ್ ಚೆನ್ನಾಗಿದೆ ಎಂದು ಬರೆದುಕೊಡುತ್ತಾರೆ. ಲಾಗ್ ಮಧ್ಯಾಹ್ನದ ಕಡೆ ಬೊಟ್ಟು ಮಾಡಿತ್ತಲ್ಲ, ಅದಕ್ಕೇ ಹಾಗೇ ಓಡಲು ಬಿಟ್ಟೆ. ಮಧ್ಯಾಹ್ನ ಕಾಟಾ ಕೋಣೆಯ ತಗಡಿನ ಮಾಡು ಕಾದು, ಕ್ಯಾಬಿನೆಟ್ಟಿನ ಒಳಗಿನ ಗಾಳಿಯೂ ಕಾದ ಮೇಲೆ ಪರದೆಯಲ್ಲಿ ಕೆಂಪು ಸಾಲುಗಳು ಶುರುವಾದವು. ಬರೆದದ್ದು ಸೊನ್ನೆಗಳು, ಓದಿದಾಗ ಸಿಕ್ಕದ್ದು 00002000. ವಿಳಾಸಗಳು ಬದಲಾಗುತ್ತಿದ್ದವು, ಬಿಟ್ ಮಾತ್ರ ಅದೇ. ಹದಿನಾರರ ಎಣಿಕೆಯ 2000 ಎಂದರೆ ನಮ್ಮ ಎಣಿಕೆಯ 8,192. ಗುಮಾಸ್ತರ ಟ್ರ್ಯಾಕ್ಟರಿಗೆ ಹೆಚ್ಚು ಬಿದ್ದ ತೂಕ!

ರ‍್ಯಾಮಿನ ಒಂದು ಕೋಶ ಸತ್ತಿದ್ದರೆ ಒಂದೇ ವಿಳಾಸ ಮತ್ತೆ ಮತ್ತೆ ಬರಬೇಕು. ಬಹಳ ವಿಳಾಸಗಳಲ್ಲಿ ಒಂದೇ ಬಿಟ್ ಎಂದರೆ ಆ ಬಿಟ್ಟನ್ನು ಹೊತ್ತು ತರುವ ದಾರಿಯ ಮೇಲೇ ಅನುಮಾನ: ಚಿಪ್, ಪಿನ್, ಅಥವಾ ಅದು ಕೂರುವ ಸ್ಲಾಟ್. ಎರಡೂ ರ‍್ಯಾಮ್ ಹಾಕಿದ್ದಾಗ ಪ್ರೊಸೆಸರಿನ ಮೆಮೊರಿ ನಿಯಂತ್ರಕದ ಎರಡು ಚಾನೆಲ್ಲುಗಳು ವಿಳಾಸಗಳನ್ನು ಹಂಚಿಕೊಂಡು ಹೆಣೆಯುವುದರಿಂದ ದೋಷ ಯಾವುದರದ್ದೆಂದು ವಿಳಾಸ ನೋಡಿ ಹೇಳಲಾಗುವುದಿಲ್ಲ. ಒಂದೊಂದನ್ನೇ ಹಾಕಿ ನೋಡಬೇಕು. ಮೊದಲ ರ‍್ಯಾಮ್ ಮೊದಲ ಸ್ಲಾಟಿನಲ್ಲಿ: ಸ್ವಚ್ಛ. ಎರಡನೆಯದು ಅದೇ ಮೊದಲ ಸ್ಲಾಟಿನಲ್ಲಿ: ಅದೂ ಸ್ವಚ್ಛ. ಹಾಗಾದರೆ ರ‍್ಯಾಮುಗಳೆರಡೂ ಚೆನ್ನಾಗಿವೆ. ಮೊದಲ ರ‍್ಯಾಮನ್ನು ಎರಡನೇ ಸ್ಲಾಟಿಗೆ ಹಾಕಿದೆ, ಬಿಸಿಯಾಗುತ್ತಿದ್ದಂತೆ ಅದೇ ಬಿಟ್.

ಟಾರ್ಚ್ ಹಿಡಿದು ಎರಡನೇ ಸ್ಲಾಟಿನೊಳಗೆ ನೋಡಿದರೆ ತಳದಲ್ಲಿ ಬೂದು ಬಣ್ಣದ ತೆಳು ನಮದೆಯಂತೆ ಅರಳೆಯ ನವಿರು ಕೂತಿತ್ತು. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ನುಗ್ಗದ ಜಾಗವಿಲ್ಲ. ಪ್ರೊಸೆಸರಿನ ಹೀಟ್‌ಸಿಂಕಿನ ಎಲೆಗಳ ನಡುವೆಯೂ ಅದೇ ತುಂಬಿತ್ತು. ಬ್ಲೋವರಿನ ಗಾಳಿ ಮಾತ್ರ ಸಾಲಲಿಲ್ಲ, ಸ್ಲಾಟಿನೊಳಗಿನದು ಎಣ್ಣೆ ಜಿಡ್ಡಿನೊಂದಿಗೆ ಅಂಟಿಕೊಂಡಿತ್ತು. ಮೆತ್ತನೆಯ ಹಲ್ಲುಜ್ಜುವ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಮತ್ತೆ ಗಾಳಿ, ಪೂರ್ತಿ ಒಣಗುವವರೆಗೆ ತಾಳ್ಮೆ. ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳನ್ನೂ ಅದೇ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ನಮ್ಮ ಕಡೆ ಎಲ್ಲರೂ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಒಮ್ಮೆ ಕೆಲಸ ಆಗುತ್ತದೆ ನಿಜ, ಆದರೆ ಆ ಲೇಪ ಬಹಳ ತೆಳುವು. ಉಜ್ಜಿದಷ್ಟೂ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿನಲ್ಲೇ ಉಳಿಯುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಎರಡೂ ರ‍್ಯಾಮ್ ಮರಳಿ ಹಾಕಿ ರಾತ್ರಿಯಿಡೀ, ಮರುದಿನದ ಸಂಜೆಯ ತನಕ ಮೆಮ್‌ಟೆಸ್ಟ್ ಓಡಿಸಿದೆ. ಒಂದು ದೋಷವೂ ಬರಲಿಲ್ಲ. ಹೊಸ ರ‍್ಯಾಮ್ ಕೊಳ್ಳುವ ಖರ್ಚು ಉಳಿಯಿತು. ಹೊಸದನ್ನು ತಂದು ಅದೇ ಸ್ಲಾಟಿಗೆ ಹಾಕಿದ್ದರೆ, ಹೊಸದೂ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುವುದೂ ಉಳಿಯಿತು.

ಬಿಸಿಯ ಬಗ್ಗೆ ಒಂದು ಮಾತು. ರಾಯಚೂರಿನಲ್ಲಿ ಬೇಸಿಗೆ ಬಂತೆಂದರೆ ಕಂಪ್ಯೂಟರಿನ ಎಲ್ಲ ರೋಗಕ್ಕೂ ಬಿಸಿಲೇ ಕಾರಣ ಎಂದು ಹೇಳಿ ಮುಗಿಸುವುದು ರೂಢಿ. ಇಂದಿನ ಪ್ರೊಸೆಸರುಗಳು ಮಿತಿ ಮೀರಿ ಕಾದರೆ ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ, ಕೊನೆಗೆ ಆರಿಹೋಗುತ್ತವೆ. ತಪ್ಪು ಲೆಕ್ಕ ಕೊಡುವುದು ಅಪರೂಪ. ರ‍್ಯಾಮ್ ಹಾಗಲ್ಲ. ಅದರ ಕೋಶಗಳಲ್ಲಿರುವ ವಿದ್ಯುದಂಶ ಸೋರುತ್ತಲೇ ಇರುತ್ತದೆ, ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಡಿಡಿಆರ್3ರಲ್ಲಿ ಉಷ್ಣಾಂಶ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂಬ ನಿಯಮವಿದೆ. ಈ ಯಂತ್ರದಲ್ಲಿ ಅಷ್ಟು ಬಿಸಿ ಇರಲಿಲ್ಲ. ಇಲ್ಲಿ ಬಿಸಿ ಮಾಡಿದ್ದು ಬೇರೆ ಕೆಲಸ: ಮೊದಲೇ ಸರಿಯಾಗಿ ಕೂರದ ಪಿನ್ನನ್ನು ಹಿಗ್ಗಿಸಿ ಇನ್ನಷ್ಟು ಸಡಿಲಿಸಿದ್ದು.

ಕಂಪೈಲರಿನಿಂದ ಪರೀಕ್ಷೆ

ಮೆಮ್‌ಟೆಸ್ಟ್ ಒಪ್ಪಿದ ಮೇಲೂ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎಸ್‌ಕ್ಯೂಲೈಟಿನ ಮೂಲ ಕೋಡ್ 2 ಲಕ್ಷಕ್ಕೂ ಹೆಚ್ಚು ಸಾಲುಗಳ ಒಂದೇ ಸಿ ಕಡತವಾಗಿ ಸಿಗುತ್ತದೆ. ಅದನ್ನು ಜಿಸಿಸಿ ಎಂಬ ಕಂಪೈಲರಿನಿಂದ (ಬರೆದ ಕೋಡನ್ನು ಯಂತ್ರದ ಆಜ್ಞೆಗಳಾಗಿಸುವ ಪ್ರೋಗ್ರಾಂ) ಮತ್ತೆ ಮತ್ತೆ, ಏಕಕಾಲಕ್ಕೆ ಹಲವು ಪ್ರತಿಗಳಾಗಿ ಕಂಪೈಲ್ ಮಾಡಿಸಿ, ಹೊರಬಂದ ಪ್ರತಿ ಆಬ್ಜೆಕ್ಟ್ ಕಡತದ ಶಾ256 ಮೊತ್ತ, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಹೋಲಿಸುವುದು. ಅದೇ ಕಂಪೈಲರ್, ಅದೇ ಆಯ್ಕೆಗಳು, ಅದೇ ಕಡತ ಎಂದಮೇಲೆ ಫಲವೂ ಅಕ್ಷರಶಃ ಅದೇ ಇರಬೇಕು. ಒಂದು ಮೊತ್ತ ಬೇರೆಯಾದರೂ ಸಾಕು, ಏನೂ ಬೀಳದೆಯೇ ತಪ್ಪು ನಡೆದಿದೆ ಎಂದು ಸಾಬೀತಾಯಿತು.

ಕಂಪೈಲರೇ ಏಕೆ? ವಿಡಿಯೊ ನೋಡುವಾಗ ಒಂದು ಬಿಟ್ ತಿರುಗಿದರೆ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಕಂಪೈಲರಿನ ಮೆಮೊರಿಯ ತುಂಬ ಇರುವುದು ಪಾಯಿಂಟರುಗಳು, ಒಂದು ಇನ್ನೊಂದನ್ನು ತೋರಿಸುವ ವಿಳಾಸಗಳು. ಅವುಗಳಲ್ಲಿ ಒಂದು ಬಿಟ್ ತಿರುಗಿದರೂ ಅದು ಊರಾಚೆಯ ವಿಳಾಸವಾಗಿ ಪ್ರೋಗ್ರಾಂ ಬೀಳುತ್ತದೆ. ಲಿನಕ್ಸಿನ ಆರಂಭದ ದಿನಗಳಿಂದಲೂ ಕರ್ನಲ್ ಕಂಪೈಲ್ ಮಾಡುವಾಗ ಸಿಗ್ನಲ್ 11 ಬಂದರೆ ಮೊದಲು ರ‍್ಯಾಮ್ ನೋಡು ಎಂಬ ಬುದ್ಧಿಮಾತು ಚಾಲ್ತಿಯಲ್ಲಿದೆ. ಡೆಬಿಯನ್ನಿನ ಜಿಸಿಸಿ ಹೀಗೆ ಬಿದ್ದಾಗ ಅದೇ ಕೆಲಸವನ್ನು ತಾನೇ ಮತ್ತೆ ಮಾಡಿ ನೋಡುತ್ತದೆ. ಫಲ ಬೇರೆಯಾದರೆ ಈ ದೋಷ ಮರುಕಳಿಸುತ್ತಿಲ್ಲ, ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಮ್ ತೊಂದರೆ ಇರಬಹುದು ಎಂದು ಬರೆಯುತ್ತದೆ. ಸ್ಲಾಟ್ ತೊಳೆಯುವ ಮುನ್ನ ಈ ಸಂದೇಶವನ್ನು ಇದೇ ಯಂತ್ರದಲ್ಲಿ ಕಂಡಿದ್ದೆ. ತೊಳೆದ ಮೇಲೆ ಎಲ್ಲ ಮೊತ್ತಗಳೂ ಒಂದೇ.

ಮರುಕಳಿಸಿದರೆ ಸಾಫ್ಟ್‌ವೇರ್, ಮರುಕಳಿಸದಿದ್ದರೆ ಹಾರ್ಡ್‌ವೇರ್ ಎಂಬ ಸೂತ್ರವನ್ನು ಮಾತ್ರ ಕಣ್ಣುಮುಚ್ಚಿ ಹಿಡಿಯಬಾರದು. 1994ರಲ್ಲಿ ಬೆಳಕಿಗೆ ಬಂದ ಪೆಂಟಿಯಮ್ ಭಾಗಾಕಾರದ ದೋಷ ಪಕ್ಕಾ ಹಾರ್ಡ್‌ವೇರಿನದು, ಆದರೆ ಪ್ರತಿ ಸಲವೂ ತಪ್ಪದೆ ಮರುಕಳಿಸುತ್ತಿತ್ತು: 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ 1.33374 ಬರುತ್ತಿತ್ತು. 2017ರಲ್ಲಿ ಎಎಂಡಿಯ ಮೊದಲ ರೈಜೆನ್ ಪ್ರೊಸೆಸರುಗಳಲ್ಲಿ ಕೆಲವು, ಲಿನಕ್ಸಿನಲ್ಲಿ ಏಕಕಾಲಕ್ಕೆ ಹಲವು ಕಂಪೈಲುಗಳನ್ನು ಓಡಿಸಿದಾಗ ಸೆಗ್ಮೆಂಟೇಶನ್ ಫಾಲ್ಟ್ (ಅದೇ ಸಿಗ್ನಲ್ 11) ಕೊಡುತ್ತಿದ್ದವು. ರ‍್ಯಾಮ್ ಎಷ್ಟು ತಪಾಸಿಸಿದರೂ ಫಲವಿಲ್ಲ, ಕಂಪನಿ ಪ್ರೊಸೆಸರನ್ನೇ ಬದಲಿಸಿ ಕೊಟ್ಟಿತು. 2024ರಲ್ಲಿ ಇಂಟೆಲಿನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಸ್ಥಿರತೆಯದೂ ಇಂಥದ್ದೇ ಕಥೆ, ಅದಕ್ಕೆ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ತಿದ್ದುಪಡಿ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಇನ್ನೊಂದು ಕಡೆ, ಆರಂಭದ ಮೌಲ್ಯ ಕೊಡದ ವೇರಿಯೇಬಲ್ ಅಥವಾ ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಎರಡು ತ್ರೆಡ್ಡುಗಳ ಪೈಪೋಟಿ ಅಪ್ಪಟ ಕೋಡ್ ದೋಷಗಳು, ಆದರೂ ದಿನಕ್ಕೊಂದು ವೇಷ ಹಾಕುತ್ತವೆ. ಅವು ಸಿಗುವುದು ವಾಲ್‌ಗ್ರಿಂಡ್ ಮತ್ತು ತ್ರೆಡ್ ಸ್ಯಾನಿಟೈಸರ್ ಎಂಬ ದೋಷಶೋಧಕಗಳ ಕೈಯಲ್ಲಿ.

ತೆಲಂಗಾಣದ ಗಾಡಿ

ಸ್ಲಾಟ್ ಸರಿಯಾದ ಮೇಲೆ ತಲೆಬುಡವಿಲ್ಲದ ಸಾಲುಗಳು ಲಾಗಿನಿಂದ ಮಾಯವಾದವು. 2416 ಮಾತ್ರ ತನ್ನ ಪಾಡಿಗೆ ಬರುತ್ತಲೇ ಇತ್ತು.

ಬೈನರಿಯಲ್ಲಿ (ಕಂಪೈಲ್ ಆದ ಪ್ರೋಗ್ರಾಂ ಕಡತದಲ್ಲಿ) ಫಂಕ್ಷನ್ನುಗಳ, ಅಂದರೆ ಕೋಡಿನ ತುಣುಕುಗಳ, ಹೆಸರು ಉಳಿದಿದ್ದರಿಂದ, ವಿಳಾಸ ಕೊಟ್ಟರೆ ಹೆಸರು ಹೇಳುವ ಆಡ್ರ್‌2ಲೈನ್ ಆ ವಿಳಾಸ ಚೀಟಿ ಮುದ್ರಿಸುವ ಫಂಕ್ಷನ್ನಿನದು ಎಂದು ಹೇಳಿತು. ಮುಟ್ಟಲು ಹೋದ ವಿಳಾಸ 18, ಅಂದರೆ ನಮ್ಮ ಎಣಿಕೆಯಲ್ಲಿ 24. ಇಷ್ಟು ಚಿಕ್ಕ ವಿಳಾಸ ಬಂದರೆ ಅದು ಸಾಮಾನ್ಯವಾಗಿ ಶೂನ್ಯ ಪಾಯಿಂಟರಿನ ಕೆಲಸ: ಇಲ್ಲದ ದಾಖಲೆಯೊಂದರ ಆರಂಭದಿಂದ 24 ಬೈಟ್ ಆಚೆಗಿನ ಅಂಶವನ್ನು ಓದಲು ಹೋಗಿದೆ. ಆ ಫಂಕ್ಷನ್ನಿನಲ್ಲಿ 24ನೇ ಬೈಟಿನಲ್ಲಿ ಅಂಶವೊಂದನ್ನು ಇಟ್ಟುಕೊಂಡ ದಾಖಲೆ ಒಂದೇ. ಗಾಡಿ ನಂಬರಿನ ಮೊದಲ ಎರಡು ಅಕ್ಷರ ನೋಡಿ ಚೀಟಿಯಲ್ಲಿ ರಾಜ್ಯದ ಹೆಸರು ಮುದ್ರಿಸುವ ಪಟ್ಟಿ ಅದು. ಪಟ್ಟಿಯಲ್ಲಿದ್ದದ್ದು ಕೆಎ, ಎಪಿ, ಟಿಎಸ್, ಎಂಎಚ್.

ತೆಲಂಗಾಣದ ಹೊಸ ಗಾಡಿಗಳಿಗೆ 2024ರ ಮಾರ್ಚ್‌ನಿಂದ ಟಿಎಸ್ ಬದಲು ಟಿಜಿ ನಂಬರ್ ಕೊಡುತ್ತಿದ್ದಾರೆ. ರಾಯಚೂರಿನಿಂದ ಗಡಿ ಹತ್ತಿರ. ತೆಲಂಗಾಣದ ಗದ್ವಾಲ್ ಕಡೆಯ ಹತ್ತಿ ಈ ಮಿಲ್ಲಿಗೂ ಬರುತ್ತದೆ. ಟಿಜಿ ಎಂದು ಹೊಡೆದ ಕೂಡಲೇ ಹುಡುಕುವ ಫಂಕ್ಷನ್ ಏನೂ ಸಿಗದೆ ಶೂನ್ಯ ಪಾಯಿಂಟರ್ ಕೊಡುತ್ತದೆ, ಮುಂದಿನ ಸಾಲು ಅದನ್ನು ನೋಡದೆ ಬಳಸುತ್ತದೆ, ಪ್ರೋಗ್ರಾಂ ಮುಗಿಯಿತು. "ಕೆಲವು ದಿನ ಬೀಳುತ್ತದೆ, ಕೆಲವು ದಿನ ಇಲ್ಲ" ಎಂದು ಗುಮಾಸ್ತರು ಹೇಳಿದ್ದು ಗಡಿಯಾಚೆಯ ಹೊಸ ಗಾಡಿಗಳು ಬಂದ ದಿನಗಳ ಮಾತು. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಯಾರು ಟಿಜಿ ನಂಬರ್ ಹಾಕಿ ನೋಡುತ್ತಾರೆ? ಅದೇ ಬೈನರಿಯನ್ನು ನನ್ನ ಯಂತ್ರಕ್ಕೆ ತಂದು ಟಿಜಿ ಹಾಕಿದೆ. ಅಲ್ಲೂ ಬಿತ್ತು, ಅದೇ 2416ರಲ್ಲಿ. ಬೇರೆ ಯಂತ್ರದಲ್ಲಿ ಅದೇ ಬೈನರಿ, ಅದೇ ಒಳಹರಿವು, ಅದೇ ಜಾಗ ಎಂದಮೇಲೆ ಹಾರ್ಡ್‌ವೇರಿನ ಮಾತು ಮುಗಿಯಿತು.

ಪಟ್ಟಿಗೆ ಟಿಜಿ ಸೇರಿಸುವುದು ಅರ್ಧ ಕೆಲಸ. ಗೊತ್ತಿಲ್ಲದ ಯಾವ ಅಕ್ಷರ ಬಂದರೂ ರಾಜ್ಯದ ಜಾಗ ಖಾಲಿ ಬಿಟ್ಟು ಚೀಟಿ ಮುದ್ರಿಸುವಂತೆ ಬದಲಿಸಿದೆ, ಏಕೆಂದರೆ ನಂಬರೇ ಬಾರದ ಹೊಸ ಟ್ರ್ಯಾಕ್ಟರುಗಳೂ ಬರುತ್ತವೆ. ಒಟ್ಟು ತೂಕವನ್ನು ಮೆಮೊರಿಯಲ್ಲಿ ಕಾಯಿಸದೆ ಕೂಡಲೇ ಕಡತಕ್ಕೆ ಬರೆಯುವಂತೆಯೂ ಮಾಡಿದೆ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ನನ್ನಲ್ಲಿ ಓಡಿಸಿ ನೋಡಿದಾಗ ಬೇರೇನೂ ಸಿಗಲಿಲ್ಲ.

ಹೊಸ ಬೈನರಿಯನ್ನು ಮಿಲ್ಲಿನಲ್ಲಿ ಹಾಕಿದರೆ ಶುರುವಾಗುವಾಗಲೇ ಬಿತ್ತು, ಈ ಸಲ ಸಿಗ್ನಲ್ 4, ಅಂದರೆ ಪ್ರೊಸೆಸರಿಗೆ ಗೊತ್ತಿಲ್ಲದ ಆಜ್ಞೆ. ಕಂಪೈಲ್ ಹೇಗೆ ಮಾಡಬೇಕೆಂದು ಹೇಳುವ ಹಳೆಯ ಮೇಕ್‌ಫೈಲಿನಲ್ಲಿ ಕಂಪೈಲ್ ಮಾಡುವ ಯಂತ್ರಕ್ಕೇ ತಕ್ಕಂತೆ ಕೋಡ್ ಹೊರಡಿಸುವ ಆಯ್ಕೆ ಇತ್ತು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿರುವ ಎವಿಎಕ್ಸ್ ಆಜ್ಞೆಗಳು ಆ ಪೆಂಟಿಯಮ್‌ನಲ್ಲಿ ಇಲ್ಲ. ಇದರಲ್ಲಿ ಹಾರ್ಡ್‌ವೇರೂ ಕೆಟ್ಟಿಲ್ಲ, ಕೋಡೂ ತಪ್ಪಿಲ್ಲ. ಆಯ್ಕೆ ತೆಗೆದು ಮತ್ತೆ ಕಂಪೈಲ್ ಮಾಡಿದೆ, ಓಡಿತು.

ಲೆಕ್ಕದ ಕೆಲಸ ಇನ್ನೂ ಬಾಕಿಯಿದೆ. ಚೀಟಿ ಪುಸ್ತಕದ ತೂಕಗಳನ್ನು ಗುಮಾಸ್ತರು ಓದಿ ಹೇಳುತ್ತಿದ್ದಾರೆ, ಕಡತದ ತೂಕದೊಂದಿಗೆ ವ್ಯತ್ಯಾಸ 8,192 ಬಂದ ಸಾಲುಗಳನ್ನು ನಾನು ಗುರುತು ಹಾಕುತ್ತಿದ್ದೇನೆ, ಕೆಲವು ಸಿಕ್ಕಿವೆ. ಕ್ಯಾಬಿನೆಟ್ಟಿನ ಗಾಳಿಕಿಂಡಿಗಳಿಗೆ ತೆಳು ಬಟ್ಟೆಯ ಜಾಲರಿ ಕಟ್ಟಿದ್ದೇವೆ, ಅದನ್ನು ವಾರಕ್ಕೊಮ್ಮೆ ಝಾಡಿಸುವುದು ಕಾಟಾ ಕೋಣೆಯ ಹುಡುಗನ ಪಾಲಿಗೆ ಬಂದಿದೆ. ರಾತ್ರಿ ಮಿಲ್ ನಿಂತ ಮೇಲೆ ಯಂತ್ರ ತಾನೇ ಒಮ್ಮೆ ಎಸ್‌ಕ್ಯೂಲೈಟ್ ಕಂಪೈಲ್ ಮಾಡಿ ಮೊತ್ತ ಹೋಲಿಸುತ್ತದೆ, ಬೇರೆಯಾದರೆ ಬೆಳಿಗ್ಗೆ ಮೊದಲ ಚೀಟಿಯ ಮೇಲೆಯೇ ಎಚ್ಚರಿಕೆ ಮುದ್ರಿಸುತ್ತದೆ. ಇದುವರೆಗೆ ಹಾಗೆ ಮುದ್ರಿಸಿಲ್ಲ.